ಊರಲ್ಲೆಲ್ಲ ನನಗೊಬ್ಬನಿಗೇ ಬಂದ ಬಟನ್

ಗೆಳೆಯರೇ, ಇವತ್ತು ಇಡೀ ಠಾಣಾ ಕುಶನೂರಿನಲ್ಲಿ ನನ್ನೊಬ್ಬನ ಫೋನಿಗೆ ಮಾತ್ರ ಒಂದು ಹೊಸ ಬಟನ್ ಬಂದಿತ್ತು. ನಮ್ಮ ರೈತ ಸಂಘದ ಆ್ಯಪ್ ನೋಡಿಕೊಳ್ಳುವವಳು ಬೀದರಿನಲ್ಲಿರುವ ನನ್ನ ಅಣ್ಣನ ಮಗಳು ಸುಜಾತಾ. ಬಟನ್ ಒತ್ತಿದರೆ ಸಂಘದ ಖರೀದಿ ಕೇಂದ್ರದಲ್ಲಿ ಸೋಯಾ ತೂಕಕ್ಕೆ ಮನೆಯಿಂದಲೇ ಪಾಳಿ ಹಿಡಿಯಬಹುದು.

ಸುಮ್ಮನಿರಲಾದೀತೇ? ಚಹಾದಂಗಡಿಯಲ್ಲಿ ಕುಳಿತು ಬಂದವರಿಗೆಲ್ಲ ಒತ್ತಿ ಒತ್ತಿ ತೋರಿಸಿದೆ.

“ನನ್ನ ಫೋನಿನ್ಯಾಗ ಯಾಕ ಬಂದಿಲ್ಲರಿ?” ಎಂದ ಪಕ್ಕದಲ್ಲಿ ಕುಳಿತಿದ್ದ ಮಾಣಿಕಪ್ಪ.

“ಅದಕ್ಕ ತಲಿ ಬೇಕಾಗ್ತದೋ ತಮ್ಮಾ,” ಎಂದೆ.

ಅಷ್ಟರಲ್ಲಿ ಸುಜಾತಾಳ ಫೋನ್ ಬಂತು. “ಕಾಕಾ, ನೀವು ಒತ್ತಿದಂಗೆಲ್ಲ ಆ ಬಟನ್ ಒಂದೊಂದು ಪಾಳಿ ಕೊಟ್ಟದರಿ! ನಾಳಿನ ಪಾಳಿ ಎಲ್ಲಾ ನಿಮ್ಮ ಹೆಸರಿಗೇ ಬಿದ್ದಾವ!”

ನಾಳೆ ಊರಿನವರೆಲ್ಲ ಚೀಲ ಹೇರಿಕೊಂಡು ಬಂದು ನನಗೆ ಬೈಯುವುದು ಕಣ್ಣಿಗೆ ಕಟ್ಟಿತು.

“ಹೆದರಬ್ಯಾಡ್ರಿ. ಆ ಬಟನ್ ಒಂದೇ ಇಲ್ಲಿಂದ ಬಂದ್ ಮಾಡೀನಿ, ಪಾಳಿನೂ ಬಿಡಿಸೀನಿ.”

ನೋಡಿದರೆ ಬಟನ್ ಮಾಯವಾಗಿತ್ತು. ಉಳಿದ ಆ್ಯಪ್ ಎಂದಿನಂತೆ ನಡೆಯುತ್ತಿತ್ತು.

“ಹೊಸದು ಏನಿದ್ರೂ ಮೊದಲ ಒಬ್ಬರಿಗೇ ಬಿಟ್ಟು ನೋಡ್ತೇವಿ ಕಾಕಾ. ಕೆಟ್ರ ಊರಿಗೆಲ್ಲ ತ್ರಾಸ ಆಗೂದಿಲ್ಲ.”

“ಮತ್ತ ನನಗೇ ಯಾಕವ್ವಾ? ನಾ ಶಾಣ್ಯಾ ಅಂತೇನು?”

“ಅಲ್ಲರಿ! ಶಾಣ್ಯಾರು ಒಂದೇ ಸಲ ಒತ್ತಿ ಬಿಡ್ತಾರ. ತಪ್ಪು ಹೊರಗ ಬರಬೇಕಂದ್ರ ನಿಮ್ಮಂಥೋರೇ ಬೇಕು.”

ಮಾಣಿಕಪ್ಪನಿಗೆ ನಾನು ‘ನಿಮ್ಮಂಥೋರೇ ಬೇಕು’ ಎಂಬಷ್ಟನ್ನೇ ಹೇಳಿದ್ದೇನೆ. ಇದನ್ನು ಓದಿದವರು ದಯವಿಟ್ಟು ಅವನಿಗೆ ಉಳಿದದ್ದನ್ನು ಹೇಳಬೇಡಿ.