ಕುದುರೆಯ ಮನೆಯಲ್ಲಿ ಕುದುರೆ

ನವಲಗುಂದದಲ್ಲಿ ಆಗ ಚೆಸ್ಸಿಗೆ ಬುದ್ಧಿಬಳ ಎನ್ನುತ್ತಿದ್ದರು. ಸಂಜೆಯಾದರೆ ಅಪ್ಪ ಜಮಖಾನ ಹಾಸಿ, ಮೇಲೆ ಬೋರ್ಡಿಟ್ಟು ನನ್ನನ್ನು ಕರೆಯುತ್ತಿದ್ದ. ಅವನ ಅಂಗಿಗೆ ಹತ್ತಿಕಾಳಿನ ವಾಸನೆ. ಒಳಗೆ ಅವ್ವನ ಒಗ್ಗರಣೆಯ ಚಟಪಟ.

ಗುರುಶಾಂತಪ್ಪ ಸಾಹುಕಾರರ ಹತ್ತಿ ಅಂಗಡಿಯಲ್ಲಿ ಅಪ್ಪ ಗುಮಾಸ್ತ. ಸಾಹುಕಾರರೇ ಚೆಸ್ ಕ್ಲಬ್ಬಿನ ಕಾರ್ಯದರ್ಶಿ. ನಿಯಮದ ಪುಸ್ತಕ ಅವರ ಕಪಾಟಿನಲ್ಲಿತ್ತು. ಅವರು ಅದನ್ನು ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಕಪಾಟು ಒರೆಸುವಾಗ ಓದಿಕೊಂಡವನು ಅಪ್ಪ. ನನಗೆ ಹೇಳಿಕೊಟ್ಟವನೂ ಅವನೇ.

ನಾನು ಏಳನೆಯ ತರಗತಿಯಲ್ಲಿದ್ದಾಗ ಕ್ಲಬ್ಬಿನ ಟೂರ್ನಮೆಂಟಿನ ಕೊನೆಯ ಆಟ ನನಗೂ ಸಾಹುಕಾರರಿಗೂ ಬಿತ್ತು. ನಾನು ಗೆದ್ದರೆ ಹುಬ್ಬಳ್ಳಿಯ ಪಂದ್ಯಕ್ಕೆ ನಾನು. ಸಮವಾದರೆ, ಅರ್ಧ ಅಂಕ ಮುಂದಿದ್ದ ಅವರು.

"ನನ್ನ ಎದುರಿಗೆ ಈ ಕೂಸಿನ್ನ ಕುಂದರಸೀರೇನಲೇ?" ಎಂದು ನಕ್ಕು, ಗಿರ್ಮಿಟ್ ತಿಂದ ಎಣ್ಣೆಗೈಯಲ್ಲೇ ಕಾಯಿ ಮುಟ್ಟಿದರು.

ಎರಡು ಗಂಟೆಯ ಹೊತ್ತಿಗೆ ನಾನು ಸೋಲುತ್ತಿದ್ದೆ. ಅವರ ಪ್ಯಾದೆ, ಅಂದರೆ ಕಾಲಾಳು, ಕುದುರೆಯ ಸಾಲಿನಲ್ಲಿ ಕೊನೆಯ ಮನೆ ಮುಟ್ಟಿತು. ಅದರ ಬದಲಿಗೆ ಎಲ್ಲ ಕಾಯಿಗಿಂತ ಬಲದ ವಜೀರನನ್ನಿಟ್ಟಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಸಾಹುಕಾರರು ಗತ್ತಿನಿಂದ ಕುದುರೆ ಇಟ್ಟು ಗಡಿಯಾರ ಒತ್ತಿದರು. ಪ್ಯಾದೆ ಯಾವ ಕಾಯಿಯ ಮನೆ ಮುಟ್ಟುತ್ತದೋ ಅದೇ ಕಾಯಿಯಾಗಬೇಕು ಎಂಬುದು ನಮ್ಮ ಕಟ್ಟೆಗಳ ಹಳೆಯ ರೂಢಿ. ಕಾರ್ಯದರ್ಶಿಗೆ ಗೊತ್ತಿದ್ದದ್ದು ಅಷ್ಟೇ.

ಮರುನಡೆಗೆ ನನ್ನ ಪ್ಯಾದೆ ಒಂಟೆಯ ಸಾಲಿನಲ್ಲಿ ಕೊನೆ ಮುಟ್ಟಿತು. ನಾನು ವಜೀರನನ್ನು ಇಟ್ಟೆ.

"ಏ, ಅದು ಒಂಟಿ ಮನಿ! ವಜೀರ ಹೆಂಗಾಗ್ತೈತಿ?"

ಹುಬ್ಬಳ್ಳಿಯಿಂದ ಬಂದಿದ್ದ ಅಂಪೈರ್ ತಲೆಯೆತ್ತಿದರು. "ಬೇಕಾದ್ದು ಮಾಡ್ಕೋಬಹುದ್ರಿ. ಪುಸ್ತಕದಾಗ ಐತಲ್ರಿ."

"ಹಂಗಾರ ನಂದೂ ವಜೀರ ಮಾಡ್ರಿ."

"ಇಟ್ಟದ್ದು ಇಟ್ಟಂಗ್ರಿ."

ಸಾಹುಕಾರರು ಬೋರ್ಡು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹಿಂದೆ ನಿಂತಿದ್ದ ಅಪ್ಪನನ್ನು ನೋಡಿದರು. ಅಪ್ಪ ನನ್ನ ಕಿವಿಯ ಹತ್ತಿರ ಬಾಗಿದ.

"ಡ್ರಾ ಅನ್ನವ್ವಾ."

"ನಾ ಗೆಲ್ಲಾಕತ್ತೀನಲ್ಲಪ್ಪಾ."

"ಗೊತ್ತೈತವ್ವಾ. ಅನ್ನು."

ಅಂದೆ.

"ಇರ್ಲಿ, ಸಣ್ಣ ಹುಡುಗಿ, ಪಾಪ" ಎಂದು ಸಾಹುಕಾರರು ಧರ್ಮಕ್ಕೆ ಕೊಟ್ಟವರಂತೆ ಕೈ ಚಾಚಿದರು. ಹುಬ್ಬಳ್ಳಿಯಲ್ಲಿ ಎಲ್ಲ ಆಟ ಸೋತು ಬಂದು, ಅಲ್ಲಿಯ ಬೋರ್ಡು ಸಣ್ಣದಿತ್ತು ಎಂದರು. ಕ್ಲಬ್ಬು ಅವರಿಗೆ ಹಾರ ಹಾಕಿತು.

ಅಂಥವರನ್ನು ತಿರಸ್ಕರಿಸಲು ಶ್ರಮ ಬೇಕಿಲ್ಲ. ಆದರೆ ನಾನು ಅಪ್ಪನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದೆ. ಆ ಸಂಜೆ ಅವನು ಜಮಖಾನ ಹಾಸಿ ಕಾಯಿ ಜೋಡಿಸಿದ, ನಾನು ಹೋಗಲಿಲ್ಲ. ಎಂಟು ಸಂಜೆ ಹಾಸಿದ. ಒಂಬತ್ತನೆಯ ದಿನ ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿದ.

ಅಪ್ಪ ಹೋದ ಮೇಲೆ ಆ ಜಮಖಾನ ನನ್ನ ಮನೆಗೆ ಬಂತು. ಬಣ್ಣ ಇನ್ನೂ ಮಾಸಿಲ್ಲ. ಬೋರ್ಡು ಒತ್ತಿ ಮೂಡಿದ್ದ ಚೌಕದ ಗುರುತು ಮಾತ್ರ ಈಗ ಇಲ್ಲ.