ಹಕ್ಕರಕಿಗೆ ಬಂದ ಮರ್ಯಾದೆ

ನಮ್ಮವ್ವ ಆಯುಷ್ಯವಿಡೀ ಕಂಡವರ ಹೊಲದಲ್ಲಿ ಕಸ ತೆಗೆದವಳು. ಆ ಕಸದಲ್ಲಿ ಹಕ್ಕರಕಿಯಂಥ ತಿನ್ನುವ ಪಲ್ಲೆ ಸಿಕ್ಕರೆ ಅದು ಕಿತ್ತವಳದು. ಸಂಜೆ ಸೀರೆಯ ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯಬಹುದಿತ್ತು. ಹೊಲದ ಮಾಲಕರು ಎಂದೂ ಬೇಡ ಅಂದವರಲ್ಲ. ಕಸಕ್ಕೆ ವಾರಸುದಾರರಾಗಲು ಯಾರು ಜಗಳಾಡುತ್ತಾರೆ?

ಮುಧೋಳದ ಸುತ್ತ ನೀರು ಬಂದಲ್ಲೆಲ್ಲ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಕಸ ಸಾಯಿಸುವ ಎಣ್ಣೆಯೂ ಬಂತು. ನಮ್ಮ ಕಡೆ ಹಕ್ಕರಕಿ ಉಳಿದದ್ದು ಅವ್ವ ಕೂಲಿಗೆ ಹೋಗುತ್ತಿದ್ದ, ಮಳೆಯನ್ನೇ ನಂಬಿದ್ದ ಒಂದು ಕಡಲೆ ಹೊಲದಲ್ಲಿ ಮಾತ್ರ. ಅಷ್ಟರಲ್ಲಿ ದೊಡ್ಡ ಹೋಟೆಲುಗಳಲ್ಲಿ ಅಡಿಗೆ ಮಾಡಿ ಬಂದ ಶೆಫ್ ಒಬ್ಬರು ಚಳಿಗಾಲದ ಮಟ್ಟಿಗೆ ಆ ಹೊಲವನ್ನು ಗುತ್ತಿಗೆ ಹಿಡಿದರು. ಪೇಟೆಯ ಜನರನ್ನು ಕರೆಸಿ, ಚಪ್ಪಲಿ ಬಿಡಿಸಿ, ಅವರ ಕೈಯಿಂದಲೇ ಪಲ್ಲೆ ಕೀಳಿಸಿ, ಬಿಸಿ ರೊಟ್ಟಿಯ ಜೊತೆ ಬಡಿಸಿ, ನಿಸರ್ಗದ ನಂಟು ಬೆಳೆಸಿಕೊಡುವುದು ಅವರ ಉದ್ಯೋಗ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಟಿಕೆಟ್ ಇಟ್ಟರೆ ಆಗುತ್ತದೆ. ಮಾಲಕರು ಕೂಲಿ ಹೆಂಗಸರಿಗೆ ಹೇಳಿ ಕಳಿಸಿದರು: "ಈ ಸಲ ಕಸಾ ತಗ್ಯಾಕ ಬರಬ್ಯಾಡ್ರಿ. ಸಾಹೇಬರಿಗೆ ಬೇಕಂತ."

ಅವ್ವನಿಗೆ ಕೂಲಿಯೂ ತಪ್ಪಿತು, ಪಲ್ಲೆಯೂ ತಪ್ಪಿತು.

ನಾನಾಗ ಜಮಖಂಡಿಯಲ್ಲಿ ಶಿಕ್ಷಕಿ. ಒಂದು ರವಿವಾರ ನಮ್ಮ ಶಾಲೆಯವರೆಲ್ಲ ಟಿಕೆಟ್ ತೆಗೆದು ಆ ಹೊಲಕ್ಕೇ ಹೊರಟಾಗ ಅವ್ವನನ್ನೂ ಕರೆದೆ. "ರೊಕ್ಕಾ ಕೊಟ್ಟ ಕಸಾ ತಗ್ಯಾಕ ಹೊಂಟೀರೇನವಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೂ ಒಳ್ಳೆಯ ಸೀರೆ ಉಟ್ಟು ಹೊರಟಳು. ಆ ವರ್ಷ ಅವಳಿನ್ನೂ ಹಕ್ಕರಕಿ ತಿಂದಿರಲಿಲ್ಲ.

ಭೂಮಿತಾಯಿಗೆ ಬಾಗುವುದನ್ನು ಮನುಷ್ಯ ಮರೆತಿದ್ದಾನೆ ಎಂದು ಶೆಫ್ ಮಾತಾಡಿದರು. ಚೆಂದವಾಗಿಯೇ ಮಾತಾಡಿದರು. ನಮ್ಮ ಹೆಡ್‌ಮಾಸ್ತರರು ಬಾಗಿ, ಒಂದು ಗಿಡ ಕಿತ್ತು, ಫೋಟೋ ತೆಗೆಸಿಕೊಂಡು, ಸೊಂಟ ಹಿಡಿದುಕೊಂಡು ಎದ್ದರು. ಅಷ್ಟರಲ್ಲಿ ಅವ್ವ ಕುಕ್ಕರಗಾಲಲ್ಲಿ ಸರಿಯುತ್ತ ಒಂದಿಡೀ ಸಾಲು ಮುಗಿಸಿದ್ದಳು. ಉಡಿ ತುಂಬಿತ್ತು.

ಶೆಫ್ ಬುಟ್ಟಿ ಹಿಡಿದು ಅವಳ ಮುಂದೆ ನಿಂತರು. "ಅಮ್ಮಾರ, ಒಬ್ಬರಿಗೆ ಒಂದ ಹಿಡಿ ಅಷ್ಟರೀ. ಉಳದದ್ದು ಇದರಾಗ ಸುರವ್ರಿ. ನಾಳೆ ಬರೋರಿಗೂ ಬೇಕಲ್ಲರೀ."

ಎಲ್ಲರೂ ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆಗೆಯುವ ಮೊದಲೇ ಅವ್ವ ಉಡಿಯನ್ನು ಎರಡೂ ಕೈಯಿಂದ ಅವುಚಿಕೊಂಡಳು.

"ಯಪ್ಪಾ, ನನ್ನ ಗಂಡ ಸತ್ತ ಮ್ಯಾಲ ತವರಮನ್ಯಾಗೂ ಯಾರೂ ನನಗ ಉಡಿ ತುಂಬಲಿಲ್ಲ, ತುಂಬಬಾರದಂತ. ತುಂಬಿ ಕಳಿಸಿದ್ದು ಈ ಹೊಲಾ ಒಂದ. ಈಗ ಸುರವು ಅಂದ್ರ ಹ್ಯಾಂಗ ಸುರವಲಿ?"

ಶೆಫ್ ಬುಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡರು. ನಾನು ಅಲ್ಲೇ, ಎಲ್ಲರ ಎದುರಿಗೇ ಅತ್ತೆ. ರೊಟ್ಟಿ ತಣ್ಣಗಾಗುತ್ತವೆ ಎಂದು ಹೆಡ್‌ಮಾಸ್ತರರು ಎಲ್ಲರನ್ನೂ ಊಟಕ್ಕೆ ಕರೆದರು.