ಸೀಟಿನ ಕೆಳಗೆ ಹಿಡಿಸುವ ಚೀಲ

ಗೆಳೆಯರೇ, ಕಾರ್ಖಾನೆಯವರು ಗೇಟಿನ ರಿಜಿಸ್ಟರ್ ತೋರಿಸುತ್ತೇವೆಂದರು, ತೋರಿಸಲಿಲ್ಲ. ಕ್ಯಾಮೆರಾ ತೋರಿಸುತ್ತೇವೆಂದರು, ಅಂದು ಅದು ಕೆಟ್ಟಿತ್ತಂತೆ. ಕೊನೆಗೆ, ಮಲ್ಲಪ್ಪ ಎಂಬ ಕೂಲಿಯವನೇ ನಮ್ಮಲ್ಲಿ ಇರಲಿಲ್ಲ ಎಂದರು. ಪಟಾನ್‌ಚೆರುವಿನ ಔಷಧ ಕಾರ್ಖಾನೆಗೆ ಪಾಳಿಗೆ ಹೋದ ಮಲ್ಲಪ್ಪ ಮರಳದೆ ಮೂರು ತಿಂಗಳಾಯಿತು.

ಮಾಲೀಕರ ಜೊತೆ ಮಾತಿಗೆ ನಮ್ಮ ಕಾರ್ಮಿಕ ಸಂಘದ ಪರವಾಗಿ ನಾನು ದೆಹಲಿಗೆ ವಿಮಾನದಲ್ಲಿ ಹೋಗಬೇಕು. ಲ್ಯಾಪ್‌ಟಾಪ್ ಇಡಲು ಬೆನ್ನಚೀಲ ಬೇಕಿತ್ತು. ಇವತ್ತು ಮಧ್ಯಾಹ್ನ ಮಲ್ಲಪ್ಪನ ಹೆಂಡತಿ ಶರಣಮ್ಮನೊಂದಿಗೆ ಕಾಚಿಗೂಡದಲ್ಲಿ ಹಳೇ ಚೀಲ ಮಾರುವ ಅಂಗಡಿಗೆ ಹೋದೆ.

ಬೀದರ ಕಡೆಯ ಅಂಗಡಿಯವ ಕಪ್ಪು ಚೀಲವೊಂದನ್ನು ಇಳಿಸಿದ. "ವಿಮಾನದ ಸೀಟಿನ ಕೆಳಗ ಬರೋಬ್ಬರಿ ಕುಂದರತೈತ್ರಿ. ಖರೇ ಹೇಳ್ತೀನಿ, ಮೂರು ಮಂದಿ ಒಯ್ದು ವಾಪಸ್ ತಂದಾರ. ಔಷಧದ ವಾಸನಿ, ಎಷ್ಟು ಒಗದ್ರೂ ಹೋಗವಲ್ದು."

ಶರಣಮ್ಮ ಹೆಗಲಪಟ್ಟಿ ತಿರುಗಿಸಿದಳು. ಒಳಗೆ ಹಸಿರು ಸೀರೆಯಂಚಿನ ತುಂಡು, ಅದರ ಮೇಲೆ ಕೌದಿಗೆ ಹಾಕುವ ಮುಕ್ಕೋನದ ಹೊಲಿಗೆ.

"ಅಣ್ಣಾರ, ಇದು ನನ್ನ ಕೈ ಹೊಲಿಗಿ. ಪಟ್ಟಿ ಭುಜಕ್ಕ ಒತ್ತತೈತಿ ಅಂತ ನಮ್ಮವರು ಅಂದಿದ್ರು, ಅದಕ್ಕ ಹಚ್ಚಿ ಹೊಲದಿದ್ದೆ."

ಮುಟ್ಟಿ ನೋಡಿದೆ. ಆ ತುಂಡು ಬೆವರಿನಿಂದ ಒದ್ದೆಯಾಗಿತ್ತು.

"ಒಗದು ಎಂಟು ದಿನ ಆತ್ರಿ," ಎಂದ ಅಂಗಡಿಯವ, ಕೈ ಹಿಂದಕ್ಕೆಳೆದುಕೊಂಡು. "ಪಟಾನ್‌ಚೆರು ಗುಜರಿಯವ ತಂದಾನ್ರಿ, ಅಲ್ಲಿ ಔಷಧ ಕಾರ್ಖಾನಿ ಗೇಟಿನಾಗಿನ ಮಾಲು. ಒಯ್ರಿ, ನನಗ ಬ್ಯಾಡ."

ಇದೇ ಚೀಲ ಹೊತ್ತು ಹೋಗುತ್ತೇನೆ. ಅವರ ಮೇಜಿನ ಮೇಲೆಯೇ ಇಡುತ್ತೇನೆ. ಮಲ್ಲಪ್ಪ ಎಂಬವನೇ ಇರಲಿಲ್ಲ ಎನ್ನುವವರು ಮೂಗು ಮುಚ್ಚಿಕೊಳ್ಳದೆ ಅದನ್ನು ಹೇಳಲಿ. ಮಾತುಕತೆ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ.